171 ಎಂದರೆ ಎಷ್ಟು?

ಡಿಸೆಂಬರ್‌ನ ಒಂದು ರಾತ್ರಿ ಊಟ ಮುಗಿದ ಮೇಲೆ ಅಬ್ಬಾ ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡರು. ಅವರ ಮುಂದೆ ಎರಡು ಕಾಗದಗಳಿದ್ದವು. ಒಂದು, ಅಂತರ ಕಾಲೇಜು ಪಂದ್ಯವೊಂದರ ಸ್ಕೋರ್ ಶೀಟಿನ ಜೆರಾಕ್ಸ್. ಅದರಲ್ಲಿ ನನ್ನ ತಮ್ಮನ ಹೆಸರಿನ ಎದುರು 171 ಎಂದಿತ್ತು. ಇನ್ನೊಂದು, ಕ್ರಿಕೆಟ್ ಕೋಚಿಂಗ್ ಕೇಂದ್ರವೊಂದು ಕೊಟ್ಟ ಶುಲ್ಕದ ಪಟ್ಟಿ. ವರ್ಷದ ಕೋಚಿಂಗ್, ಟರ್ಫ್ ವಿಕೆಟ್ ಮೇಲೆ ಅಭ್ಯಾಸ, ಹೊಸ ಕಿಟ್ ಎಲ್ಲ ಸೇರಿಸಿದರೆ ಬರುವ ಮೊತ್ತವೂ, ಮುಂದಿನ ವರ್ಷ ನನ್ನ ಬಿ.ಕಾಂ. ಪ್ರವೇಶಕ್ಕೆಂದು ಅಬ್ಬಾ ಚೀಟಿ ಕಟ್ಟಿ ಕೂಡಿಸಿಟ್ಟ ಮೊತ್ತವೂ ಹೆಚ್ಚುಕಡಿಮೆ ಒಂದೇ ಆಗಿತ್ತು.

ಅಬ್ಬಾಗೆ ಶ್ರೀರಾಂಪುರದಲ್ಲಿ ಗಾಡಿಗಳ ಸೀಟ್ ಕವರ್ ಹೊಲಿಯುವ ಸಣ್ಣ ಅಂಗಡಿ ಇದೆ. ಕ್ರಿಕೆಟ್ ಎಂದರೆ ಅವರಿಗೆ ಕುಂಬ್ಳೆ, ಶ್ರೀನಾಥ್, ದ್ರಾವಿಡ್. ಅಂಗಡಿಯ ರೇಡಿಯೋದಲ್ಲಿ ಕೇಳಿದಷ್ಟು ಗೊತ್ತು. ನಮ್ಮ ಮಾಮು ಮಾತ್ರ ಒಂದು ವಾರದಿಂದ, "ಹುಡುಗ 171 ಹೊಡೆದಿದ್ದಾನೆ, ಇನ್ನೇನು ಬೇಕು? ಈಗ ಹಣ ಹಾಕಲಿಲ್ಲ ಅಂದರೆ ಮುಂದೆ ಪಶ್ಚಾತ್ತಾಪ ಪಡ್ತೀರಿ" ಎಂದು ಹೇಳುತ್ತಲೇ ಇದ್ದರು. ಅಬ್ಬಾ ಆ ಕಾಗದವನ್ನು ನನ್ನ ಕಡೆ ತಳ್ಳಿ ಕೇಳಿದರು: "ನೀನು ಸ್ಟಾಟಿಸ್ಟಿಕ್ಸ್ ಓದ್ತೀಯಲ್ಲ ಬೇಟಿ, ಹೇಳು. 171 ಅಂದರೆ ಎಷ್ಟು?"

ನನಗೆ ತಕ್ಷಣ ನಗು ಬಂತು. ಆಮೇಲೆ ಗೊತ್ತಾಯಿತು, ಒಂದು ವರ್ಷ ಸಂಖ್ಯಾಶಾಸ್ತ್ರ ಓದಿದ ಮೇಲೂ ನನ್ನ ಬಳಿ ಉತ್ತರ ಇಲ್ಲ ಎಂದು. "ಎರಡು ದಿನ ಕೊಡಿ" ಎಂದೆ. ಎರಡು ದಿನ ಎರಡು ವಾರವಾಯಿತು. ಆ ಎರಡು ವಾರ ಲೈಬ್ರರಿಯಲ್ಲೂ ಮನೆಯಲ್ಲೂ ಕೂತು ಹುಡುಕಿದ್ದನ್ನೇ ಇಲ್ಲಿ ಬರೆದಿದ್ದೇನೆ. ಮನೆಯಲ್ಲಿ ಆಡಿದ ಮಾತುಗಳೆಲ್ಲ ದಖನಿಯಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ಈ ಲೆಕ್ಕದಲ್ಲಿ ನಾನು ನಿಷ್ಪಕ್ಷಪಾತಿ ಅಲ್ಲ. ಪಟ್ಟಿಯಲ್ಲಿರುವುದು ನನ್ನ ಫೀಸು. ಹಾಗಾಗಿ ಪ್ರತಿ ಹೆಜ್ಜೆಯಲ್ಲೂ ನನ್ನ ಮೇಲೆ ನನಗೇ ಅನುಮಾನ ಇಟ್ಟುಕೊಂಡೇ ಲೆಕ್ಕ ಮಾಡಿದೆ.

ಮೊದಲು ನಮಗೆಲ್ಲ ಗೊತ್ತಿರುವ ಪ್ರಿಪರೇಟರಿ ಪರೀಕ್ಷೆಯನ್ನು ತೆಗೆದುಕೊಳ್ಳಿ. ಒಂದು ಕಾಲೇಜಿನಲ್ಲಿ ಪ್ರಶ್ನೆಪತ್ರಿಕೆ ಸುಲಭ, ಅಲ್ಲಿ ಒಬ್ಬಳಿಗೆ 92 ಬಂತು. ಇನ್ನೊಂದು ಕಾಲೇಜಿನಲ್ಲಿ ಉಪನ್ಯಾಸಕರು ಬೇಕೆಂದೇ ಕಷ್ಟದ ಪತ್ರಿಕೆ ಕೊಟ್ಟರು, ಅಲ್ಲಿ ಇನ್ನೊಬ್ಬಳಿಗೆ 71 ಬಂತು. ವಾರ್ಷಿಕ ಪರೀಕ್ಷೆಯಲ್ಲಿ ಯಾರಿಗೆ ಹೆಚ್ಚು ಬರುತ್ತದೆ? 92 ಮತ್ತು 71 ಎರಡನ್ನೇ ನೋಡಿ ಯಾರೂ ಹೇಳಲಾರರು. ಪತ್ರಿಕೆ ಎಷ್ಟು ಕಷ್ಟವಿತ್ತು ಎಂಬುದು ಗೊತ್ತಾಗಬೇಕು. ಬ್ಯಾಟ್ಸ್‌ಮನ್‌ಗೆ ಪ್ರಶ್ನೆಪತ್ರಿಕೆ ಎಂದರೆ ಎದುರಾಳಿಯ ಬೌಲಿಂಗ್, ಪಿಚ್ಚು, ಬೌಂಡರಿಯ ದೂರ. ಸ್ಕೋರ್ ಶೀಟಿನಲ್ಲಿ ಅಂಕ ಇರುತ್ತದೆ, ಪ್ರಶ್ನೆಪತ್ರಿಕೆ ಇರುವುದಿಲ್ಲ.

ಇದಕ್ಕೆ ಅತಿ ದೊಡ್ಡ ಉದಾಹರಣೆ ಮುಂಬೈ ಪಕ್ಕದ ಕಲ್ಯಾಣದ್ದು. 2016ರ ಜನವರಿಯಲ್ಲಿ ಶಾಲೆಗಳ ನಡುವಿನ ಭಂಡಾರಿ ಕಪ್ ಪಂದ್ಯದಲ್ಲಿ ಪ್ರಣವ್ ಧನಾವಡೆ ಎಂಬ ಹುಡುಗ ಔಟಾಗದೆ 1009 ರನ್ ಹೊಡೆದ. ಹೌದು, ಒಂದು ಸಾವಿರದ ಒಂಬತ್ತು. 327 ಎಸೆತಗಳಲ್ಲಿ. 1899ರಲ್ಲಿ ಇಂಗ್ಲೆಂಡಿನ ಶಾಲಾಬಾಲಕ ಎ.ಇ.ಜೆ. ಕಾಲಿನ್ಸ್ ಹೊಡೆದಿದ್ದ 628ರ ದಾಖಲೆ ಅಲ್ಲಿಯವರೆಗೆ ಉಳಿದಿತ್ತು. ದೇಶವೆಲ್ಲ ಆ ಹುಡುಗನ ಮನೆ ಬಾಗಿಲಿಗೆ ಬಂತು. ಆದರೆ ಅದೇ ಸ್ಕೋರ್ ಶೀಟಿನ ಮಿಕ್ಕ ಭಾಗ ನೋಡಿ. ಅವನ ತಂಡ ಒಟ್ಟು 1465 ರನ್, ಬರೀ 3 ವಿಕೆಟ್‌ಗೆ. ಎದುರಾಳಿ ಶಾಲೆ ಎರಡು ಇನ್ನಿಂಗ್ಸ್‌ನಲ್ಲಿ 31 ಮತ್ತು 52. ಅಂದರೆ ಅದು ಎರಡು ಸಮಬಲದ ತಂಡಗಳ ಆಟವಾಗಿರಲಿಲ್ಲ. 1009 ರನ್ ಸುಳ್ಳಲ್ಲ, ಹುಡುಗನ ಶ್ರಮವೂ ಸುಳ್ಳಲ್ಲ. ಆದರೆ ಮುಂದಿನ ಹಂತದಲ್ಲಿ ಏನಾಗುತ್ತದೆ ಎಂದು ಹೇಳುವ ಶಕ್ತಿ ಆ ಸಂಖ್ಯೆಗೆ ಇರಲಿಲ್ಲ. ಮುಂದೆ ಆ ಎತ್ತರದಲ್ಲಿ ಅವನ ಹೆಸರು ಕೇಳಿಬರಲಿಲ್ಲ. ಕಾಲಿನ್ಸ್ ಕೂಡ ಹಾಗೆಯೇ: ಸೈನ್ಯ ಸೇರಿದ, ಪ್ರಥಮ ದರ್ಜೆ ಪಂದ್ಯ ಒಂದನ್ನೂ ಆಡಲಿಲ್ಲ, 1914ರಲ್ಲಿ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡ. (ಸಾವಿರ ರನ್ ಹೊಡೆದ ಹುಡುಗನಿಗಿಂತ ಅವತ್ತು 31ಕ್ಕೆ ಔಟಾದ ತಂಡದ ಹುಡುಗರ ಬಗ್ಗೆಯೇ ನನಗೆ ಹೆಚ್ಚು ಯೋಚನೆ ಆಗುತ್ತದೆ. ಅವರನ್ನು ಯಾವ ಪತ್ರಿಕೆಯವರೂ ಮಾತಾಡಿಸಿರಲಿಕ್ಕಿಲ್ಲ.)

ಇದು ಶಾಲೆಯ ಮಟ್ಟ. ಇದಕ್ಕಿಂತ ಬಹಳ ಮೇಲಿನ ರಣಜಿ ಟ್ರೋಫಿಯಲ್ಲೂ ಇದೇ ಸಮಸ್ಯೆ ಇದೆ. 2018-19ರಲ್ಲಿ ರಣಜಿಗೆ ಒಂದೇ ಸಲ ಒಂಬತ್ತು ಹೊಸ ತಂಡಗಳು ಸೇರಿದವು: ಬಿಹಾರ, ಉತ್ತರಾಖಂಡ, ಪುದುಚೇರಿ ಮತ್ತು ಈಶಾನ್ಯದ ಆರು ರಾಜ್ಯಗಳು. ಇವುಗಳನ್ನು ಪ್ಲೇಟ್ ಗುಂಪು ಎಂದು ಬೇರೆಯಾಗಿಯೇ ಆಡಿಸಿದರು. ಆ ವರ್ಷ ಸಿಕ್ಕಿಂ ಪರವಾಗಿ ಆಡಿದ ಮಿಲಿಂದ್ ಕುಮಾರ್ 8 ಪಂದ್ಯಗಳಲ್ಲಿ 1331 ರನ್ ಮಾಡಿದರು, ಸರಾಸರಿ 121. ಅದೇ ಗುಂಪಿನಲ್ಲಿ ಬಿಹಾರದ ಅಶುತೋಷ್ ಅಮನ್ 68 ವಿಕೆಟ್ ತೆಗೆದು, 1974-75ರಲ್ಲಿ ಬಿಷನ್ ಸಿಂಗ್ ಬೇಡಿ ಮಾಡಿದ್ದ 64ರ ದಾಖಲೆಯನ್ನು ಮುರಿದರು. ಬೇಡಿಯವರಿಗಿಂತ ಅಮನ್ ದೊಡ್ಡ ಬೌಲರ್ ಎಂದು ಯಾರೂ ಹೇಳಲಿಲ್ಲ; ಅಮನ್ ಅವರೇ ಹೇಳಿಕೊಳ್ಳಲಿಕ್ಕಿಲ್ಲ. ಭಾರತ ತಂಡವನ್ನು ಆರಿಸುವವರೂ ಆ ಎರಡು ಸಂಖ್ಯೆಗಳನ್ನು ನೋಡಿ ತಂಡಕ್ಕೆ ಕರೆಯಲಿಲ್ಲ. ಮಿಲಿಂದ್ ಕುಮಾರ್ ಮುಂದೆ ಅಮೆರಿಕ ತಂಡದ ಪರ ಆಡಲು ಹೋದರು. ಅಂದರೆ ಆಯ್ಕೆಗಾರರು ಮನಸ್ಸಿನಲ್ಲೇ ಒಂದು ಕಡಿತ ಹಾಕುತ್ತಾರೆ. ನಮ್ಮ ಅಬ್ಬಾ ಹಳೆಯ ಸೀಟು ವಾಪಸ್ ತೆಗೆದುಕೊಳ್ಳುವಾಗ ಬೆಲೆ ಕಡಿಮೆ ಮಾಡುವ ಹಾಗೆ.

ಇಲ್ಲಿಗೆ ಲೆಕ್ಕ ಮುಗಿಯಿತು, ದುರ್ಬಲ ಎದುರಾಳಿಯ ಮೇಲೆ ಹೊಡೆದ ರನ್ನು ಅರ್ಧ ಬೆಲೆಯದು ಎಂದು ಅಬ್ಬಾಗೆ ಹೇಳಿಬಿಡಬಹುದು ಎಂದುಕೊಂಡೆ. ನನ್ನ ಫೀಸೂ ಉಳಿಯುತ್ತಿತ್ತು. ಆಗ ಕಾಡಿದ್ದು ಬೇರೊಂದು ಪ್ರಶ್ನೆ. ಎದುರಾಳಿಯ ಮಟ್ಟ ಒಂದೇ ಇದ್ದರೆ ಆಗಲಾದರೂ ಸಂಖ್ಯೆ ನಿಜ ಹೇಳುತ್ತದೆಯೇ?

ಇದಕ್ಕೆ ನಮ್ಮ ಕರ್ನಾಟಕದಲ್ಲೇ ಉದಾಹರಣೆ ಸಿಕ್ಕಿತು. 1998-99ರ ರಣಜಿಯಲ್ಲಿ ನಮ್ಮ ವಿಜಯ್ ಭಾರದ್ವಾಜ್ 1280 ರನ್ ಮಾಡಿದರು. ಆ ವರ್ಷ ಫೈನಲ್‌ನಲ್ಲಿ ಮಧ್ಯಪ್ರದೇಶವನ್ನು ಸೋಲಿಸಿ ಕರ್ನಾಟಕ ಕಪ್ ಗೆದ್ದಿತು. ಮರುವರ್ಷ, 1999-2000ದಲ್ಲಿ, ಹೈದರಾಬಾದಿನ ವಿ.ವಿ.ಎಸ್. ಲಕ್ಷ್ಮಣ್ 1415 ರನ್ ಮಾಡಿದರು. ಒಂದೇ ಟೂರ್ನಿ, ಬೆನ್ನುಬೆನ್ನಿನ ಎರಡು ವರ್ಷ, ಎರಡೂ ಬಲಿಷ್ಠ ದಕ್ಷಿಣದ ತಂಡಗಳು. ಎರಡೂ ರಣಜಿಯ ಇತಿಹಾಸದಲ್ಲಿ ಒಂದು ಋತುವಿನ ಅತಿ ದೊಡ್ಡ ಮೊತ್ತಗಳ ಸಾಲಿನಲ್ಲಿವೆ. ಭಾರದ್ವಾಜ್ ಒಟ್ಟು 3 ಟೆಸ್ಟ್ ಆಡಿ 28 ರನ್ ಮಾಡಿದರು. ಲಕ್ಷ್ಮಣ್ 134 ಟೆಸ್ಟ್‌ಗಳಲ್ಲಿ 8781. ರಣಜಿಯ ಸಂಖ್ಯೆಗಳನ್ನು ಮಾತ್ರ ನೋಡಿದವರು ಇಷ್ಟು ದೊಡ್ಡ ಅಂತರವನ್ನು ಊಹಿಸಲು ಸಾಧ್ಯವೇ ಇರಲಿಲ್ಲ.

ಇನ್ನೂ ಹತ್ತಿರದ ಹೋಲಿಕೆ ಬೇಕಾದರೆ ಒಂದೇ ಪಂದ್ಯ ತೆಗೆದುಕೊಳ್ಳಿ. 1988ರ ಫೆಬ್ರವರಿ, ಮುಂಬೈನ ಹ್ಯಾರಿಸ್ ಶೀಲ್ಡ್ ಸೆಮಿಫೈನಲ್. ಶಾರದಾಶ್ರಮ ಶಾಲೆಯ ಸಚಿನ್ ತೆಂಡೂಲ್ಕರ್ ಔಟಾಗದೆ 326, ವಿನೋದ್ ಕಾಂಬ್ಳಿ ಔಟಾಗದೆ 349. ಇಬ್ಬರ ಜೊತೆಯಾಟ 664. ಅವರದೇ ಬೌಲಿಂಗು, ಅದೇ ಪಿಚ್ಚು, ಅದೇ ಬಿಸಿಲು. ಹಾಳೆಯ ಮೇಲೆ ಕಾಂಬ್ಳಿಯದೇ 23 ರನ್ ಹೆಚ್ಚು. ಸಚಿನ್ 200 ಟೆಸ್ಟ್ ಆಡಿದರು. ಕಾಂಬ್ಳಿ 17 ಟೆಸ್ಟ್‌ಗಳಲ್ಲಿ 54.20 ಸರಾಸರಿಯಲ್ಲಿ 1084 ರನ್ ಮಾಡಿ ನಿಂತುಹೋದರು. ಅವತ್ತು ಪ್ಯಾಡ್ ಕಟ್ಟಿಕೊಂಡು ಮುಂದಿನ ಸರದಿಗೆ ಕಾಯುತ್ತ ಕೂತಿದ್ದ ಹುಡುಗ ಅಮೋಲ್ ಮಜುಂದಾರ್. ವಿಕೆಟ್ಟೇ ಬೀಳಲಿಲ್ಲ, ಆಡಲು ಸಿಗಲಿಲ್ಲ. ಮುಂದೆ ಅವರು ಪ್ರಥಮ ದರ್ಜೆಯಲ್ಲಿ 11,167 ರನ್ ಮಾಡಿದರು, ಒಂದೂ ಟೆಸ್ಟ್ ಸಿಗಲಿಲ್ಲ. 2025ರ ನವೆಂಬರ್‌ನಲ್ಲಿ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ತಂಡದ ಕೋಚ್ ಅವರೇ. ಎದುರಾಳಿ ಬೌಲಿಂಗ್‌ನಲ್ಲಿ ಸೈರಾಜ್ ಬಹುತುಳೆ ಎಂಬ ಹುಡುಗನಿದ್ದ. ಅವತ್ತು ಅವನಿಗೆ ಒಂದೂ ವಿಕೆಟ್ ಬರಲಿಲ್ಲ. ಮುಂದೆ ಭಾರತಕ್ಕೆ 2 ಟೆಸ್ಟ್ ಆಡಿದ. ಪೂರ್ತಿ ವಿಕೆಟ್ ಖಾಲಿ ಇದ್ದ ಬೌಲರ್‌ಗೆ ಟೆಸ್ಟ್ ಸಿಕ್ಕಿತು, ಹನ್ನೊಂದು ಸಾವಿರ ರನ್‌ನವರಿಗೆ ಸಿಗಲಿಲ್ಲ.

ಸೋತ ತಂಡದಲ್ಲಿ ಯಾರಿದ್ದಾರೆ ಎಂದು ನೋಡುವ ಅಭ್ಯಾಸ ನನಗೆ ಆಮೇಲೆ ಬಂತು. 1999ರ ಡಿಸೆಂಬರ್‌ನಲ್ಲಿ ಜೆಮ್‌ಷೆಡ್‌ಪುರದಲ್ಲಿ 19 ವರ್ಷದೊಳಗಿನವರ ಕೂಚ್ ಬೆಹಾರ್ ಟ್ರೋಫಿ ಫೈನಲ್. ಬಿಹಾರ ಎಲ್ಲ ಸೇರಿ 357. ಪಂಜಾಬಿನ ಯುವರಾಜ್ ಸಿಂಗ್ ಒಬ್ಬರೇ 358. ಬಿಹಾರವನ್ನು ಮಣ್ಣುಮುಕ್ಕಿಸಿದ ಆ ಪಂದ್ಯದಲ್ಲಿ ಬಿಹಾರದ ಪರ 84 ರನ್ ಮಾಡಿದವರು ಮಹೇಂದ್ರ ಸಿಂಗ್ ಧೋನಿ. ಯುವರಾಜ್ ಅವರ 358 ಫೈನಲ್‌ನ ದೊಡ್ಡ ಮೊತ್ತವಾಗಿ ಉಳಿದಿತ್ತು; 2024ರ ಜನವರಿಯಲ್ಲಿ ನಮ್ಮ ಶಿವಮೊಗ್ಗದಲ್ಲಿ ಮುಂಬೈ ವಿರುದ್ಧ ಕರ್ನಾಟಕದ ಪ್ರಖರ್ ಚತುರ್ವೇದಿ 638 ಎಸೆತ ಆಡಿ ಔಟಾಗದೆ 404 ಮಾಡಿ ಅದನ್ನು ದಾಟಿದರು. ಇದನ್ನು ಕಲ್ಯಾಣದ 1009ರ ಪಕ್ಕದಲ್ಲಿಟ್ಟು ನೋಡಿ. ಇಲ್ಲಿ ಎದುರಾಳಿ ಮುಂಬೈ. ಅವರು 380 ರನ್ ಮಾಡಿದ್ದರು. ಅರ್ಧಕ್ಕಿಂತ ಕಡಿಮೆ ರನ್, ಸುಮಾರು ಎರಡು ಪಟ್ಟು ಎಸೆತ. ನನ್ನ ಕೈಯಲ್ಲಿ ತಕ್ಕಡಿ ಇದ್ದಿದ್ದರೆ 404ರ ಕಡೆ ತಟ್ಟೆ ಕೆಳಗಿಳಿಯುತ್ತಿತ್ತು.

ಹಾಗಾದರೆ ಎದುರಾಳಿಯ ಮಟ್ಟ ಮುಖ್ಯವೋ ಅಲ್ಲವೋ? ಇಲ್ಲಿ ನಾನು ಒಂದು ವಾರ ಸಿಕ್ಕಿಹಾಕಿಕೊಂಡೆ. ನಮ್ಮ ಸಂಖ್ಯಾಶಾಸ್ತ್ರದ ಮೇಡಂ ಬಳಿ ಹೋಗಿ ಕೇಳಿದಾಗ ಅವರು ಉತ್ತರ ಹೇಳಲಿಲ್ಲ, ಒಂದು ಪ್ರಶ್ನೆ ಕೇಳಿದರು: "ನಮ್ಮ ಕಾಲೇಜಿನ ಎಲ್ಲರ ಎಸ್ಸೆಸ್ಸೆಲ್ಸಿ ಅಂಕ ಮತ್ತು ಪಿಯು ಅಂಕ ತೆಗೆದುಕೊಂಡರೆ ಸಹಸಂಬಂಧ ಇರುತ್ತದಾ? ಸರಿ. ಈಗ ಎಸ್ಸೆಸ್ಸೆಲ್ಸಿಯಲ್ಲಿ ಶೇಕಡ 95ರ ಮೇಲೆ ಬಂದವರನ್ನು ಮಾತ್ರ ತೆಗೆದುಕೋ. ಆಗ?"

ಮನೆಗೆ ಬಂದು ಹಾಳೆಯ ಮೇಲೆ ಚುಕ್ಕಿ ಹಾಕುತ್ತಾ ಕೂತಾಗ ಹೊಳೆಯಿತು. ಎಲ್ಲರನ್ನೂ ಸೇರಿಸಿದರೆ ಚುಕ್ಕಿಗಳು ಕೆಳಗಿನಿಂದ ಮೇಲಕ್ಕೆ ಒಂದು ಓರೆ ಪಟ್ಟಿಯಂತೆ ಬೀಳುತ್ತವೆ: 40 ಬಂದವರು ಸಾಮಾನ್ಯವಾಗಿ ಕೆಳಗೆ, 95 ಬಂದವರು ಸಾಮಾನ್ಯವಾಗಿ ಮೇಲೆ. ಆದರೆ ಆ ಪಟ್ಟಿಯ ಮೇಲಿನ ತುದಿಯನ್ನು ಮಾತ್ರ ಕತ್ತರಿಸಿ ತೆಗೆದರೆ ಉಳಿಯುವುದು ಓರೆ ಪಟ್ಟಿಯಲ್ಲ, ಒಂದು ಗುಂಪು. 95 ಮತ್ತು 98ರ ನಡುವಿನ ಮೂರು ಅಂಕ, ಮುಂದೆ ಯಾರು ಮೇಲೆ ಹೋಗುತ್ತಾರೆ ಎಂದು ಹೇಳಲಾರದು. ಅಲ್ಲಿ ಬೇರೆ ಸಂಗತಿಗಳು ಕೆಲಸ ಮಾಡುತ್ತವೆ. ಆರೋಗ್ಯ, ಮನೆಯ ಸ್ಥಿತಿ, ಹೊಸ ವಿಷಯ ಒಗ್ಗಿತೇ ಇಲ್ಲವೇ ಎಂಬುದು. ರಣಜಿಯಲ್ಲಿ 1280 ಮಾಡಿದವರು, 1415 ಮಾಡಿದವರು ಇಬ್ಬರೂ ಆ ಮೇಲಿನ ತುದಿಯವರು. ರಣಜಿಗೇ ಬಾರದ ಲಕ್ಷಾಂತರ ಹುಡುಗರು ಆ ಹಾಳೆಯಲ್ಲಿ ಕಾಣುವುದೇ ಇಲ್ಲ. ಹೀಗಾಗಿ ಕೆಳಗಿನ ಹಂತದ ಸಂಖ್ಯೆ "ಇವನು ಮುಂದಿನ ಮೆಟ್ಟಿಲು ಹತ್ತಬಹುದೇ" ಎನ್ನುವುದಕ್ಕೆ ಸಾಕಷ್ಟು ಒಳ್ಳೆಯ ಸಾಕ್ಷಿ. "ಮೆಟ್ಟಿಲು ಹತ್ತಿದವರಲ್ಲಿ ಯಾರು ನಿಲ್ಲುತ್ತಾರೆ" ಎನ್ನುವುದಕ್ಕೆ ಬಡ ಸಾಕ್ಷಿ. ಎರಡು ಪ್ರಶ್ನೆಗಳನ್ನು ನಾನು ಒಂದೇ ಎಂದುಕೊಂಡಿದ್ದೆ.

ಇದೇ ಜಗಳ ಅಮೆರಿಕದಲ್ಲಿ ಪ್ರತಿ ವರ್ಷ ನಡೆಯುತ್ತದೆ ಎಂದು ಓದಿದೆ. ಅಲ್ಲಿನ ಫುಟ್‌ಬಾಲ್‌ನಲ್ಲಿ ಚೆಂಡನ್ನು ಕೈಯಿಂದ ಎಸೆದು ಇಡೀ ತಂಡವನ್ನು ನಡೆಸುವ ಆಟಗಾರನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ವೃತ್ತಿಪರ ತಂಡಗಳು ಅವರನ್ನು ನೇರ ಕಾಲೇಜಿನಿಂದಲೇ ಆರಿಸುತ್ತವೆ. ದೊಡ್ಡ ಕಾಲೇಜಿನಲ್ಲಿ ಗಟ್ಟಿ ಎದುರಾಳಿಗಳ ಮೇಲೆ ಆಡಿದವನನ್ನು ತೆಗೆದುಕೊಳ್ಳಬೇಕೋ, ಸಣ್ಣ ಕಾಲೇಜಿನಲ್ಲಿ ರಾಶಿ ಅಂಕ ಗಳಿಸಿದವನನ್ನೋ ಎಂಬುದು ಅವರ ಚರ್ಚೆ. 2007ರಲ್ಲಿ ಲೂಸಿಯಾನದ ದೊಡ್ಡ ವಿಶ್ವವಿದ್ಯಾಲಯದ ಜಮಾರ್ಕಸ್ ರಸೆಲ್ ಅವರನ್ನು ಎಲ್ಲರಿಗಿಂತ ಮೊದಲು ಆರಿಸಿದರು. ಮೂರು ಋತುಗಳಲ್ಲಿ ಅವರ ಆಟ ಮುಗಿದೇಹೋಯಿತು. ಕರ್ಟ್ ವಾರ್ನರ್ ಉತ್ತರ ಅಯೋವಾ ಎಂಬ ಸಣ್ಣ ಕಡೆಯಿಂದ ಬಂದವರು. 1994ರಲ್ಲಿ ಅವರನ್ನು ಯಾರೂ ಆರಿಸಲಿಲ್ಲ. ದಿನಸಿ ಅಂಗಡಿಯಲ್ಲಿ ಕಪಾಟುಗಳಿಗೆ ಸಾಮಾನು ಜೋಡಿಸುವ ಕೆಲಸ ಮಾಡಿದರು. 1999ರ ಋತುವಿನಲ್ಲಿ ಸೇಂಟ್ ಲೂಯಿಸ್ ತಂಡಕ್ಕೆ ಆಡಿ ಲೀಗಿನ ಅತ್ಯುತ್ತಮ ಆಟಗಾರರಾದರು, ಸೂಪರ್ ಬೌಲ್ ಗೆದ್ದರು. ಮಾಮುಗೆ ಈ ಕತೆ ಹೇಳಿದರೆ, "ನೋಡಿದೆಯಾ!" ಎಂದು ಕುಣಿದರು. ಆದರೆ ಸಣ್ಣ ಕಾಲೇಜಿನಿಂದ ಬಂದು ಕಪಾಟು ಜೋಡಿಸುತ್ತಲೇ ಉಳಿದವರ ಹೆಸರು ನಮಗೆ ಯಾರು ಹೇಳುತ್ತಾರೆ? ವಾರ್ನರ್ ಕತೆ ನಮ್ಮವರೆಗೆ ಬಂದಿದ್ದೇ ಅದು ಅಪರೂಪ ಎಂಬ ಕಾರಣಕ್ಕೆ.

ಇನ್ನೊಂದು ಪಾಠ ನಮ್ಮ ಕರುಣ್ ನಾಯರ್ ಅವರಿಂದ ಕಲಿತೆ. ಇದನ್ನು ಪ್ರಥಮ ಪಿಯುಸಿಯವರು ದಯವಿಟ್ಟು ಪೆನ್ನು ಹಿಡಿದು ಓದಿ. 2015ರ ಮಾರ್ಚ್‌ನಲ್ಲಿ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ 328 ಮಾಡಿದವರು ಅವರು. 2016ರ ಡಿಸೆಂಬರ್‌ನಲ್ಲಿ ಚೆನ್ನೈ ಟೆಸ್ಟ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಭಾರತಕ್ಕೆ ಟೆಸ್ಟ್ ತ್ರಿಶತಕ ಮಾಡಿದ ಎರಡನೆಯವರು, ಸೆಹ್ವಾಗ್ ನಂತರ. ಮುಂದಿನ ಟೆಸ್ಟ್‌ನಲ್ಲೇ ಅವರಿಗೆ ಜಾಗ ಇರಲಿಲ್ಲ. 2017ರ ಮಾರ್ಚ್ ಹೊತ್ತಿಗೆ ತಂಡದಿಂದ ಹೊರಗೆ. ಅಷ್ಟರೊಳಗೆ ಅವರು ಆಡಿದ್ದ ಏಳು ಟೆಸ್ಟ್ ಇನ್ನಿಂಗ್ಸ್‌ಗಳು ಹೀಗಿವೆ: 4, 13, ಔಟಾಗದೆ 303, 26, 0, 23, 5. ಒಟ್ಟು 374. ಔಟಾದದ್ದು ಆರು ಸಲ, ಹಾಗಾಗಿ ಕ್ರಿಕೆಟ್‌ನ ಸರಾಸರಿ 62.33. ತುಂಬಾ ದೊಡ್ಡ ಸರಾಸರಿ. ಈಗ ಅವನ್ನು ಏರಿಕೆ ಕ್ರಮದಲ್ಲಿ ಬರೆಯಿರಿ: 0, 4, 5, 13, 23, 26, 303. ಮಧ್ಯಾಂಕ 13. ಒಂದೇ ಆಟಗಾರ, ಒಂದೇ ಏಳು ಸಂಖ್ಯೆ. ಒಂದು ಅಳತೆ ಅವರನ್ನು ದೊಡ್ಡವರ ಸಾಲಿನಲ್ಲಿ ಕೂರಿಸುತ್ತದೆ, ಇನ್ನೊಂದು ತಂಡದಿಂದ ಹೊರಗೆ ಕಳಿಸುತ್ತದೆ. ನನ್ನ ಪ್ರಕಾರ ಎರಡಕ್ಕೂ ಅಷ್ಟು ಧೈರ್ಯ ಇರಬಾರದು, ಏಳು ಇನ್ನಿಂಗ್ಸ್ ಎಂದರೆ ಬಹಳ ಕಡಿಮೆ. ನಾಯರ್ ಆಮೇಲೆ ವಿದರ್ಭಕ್ಕೆ ಹೋದರು. 2024-25ರ ವಿಜಯ್ ಹಜಾರೆ ಟೂರ್ನಿಯಲ್ಲಿ ಐದು ಶತಕಗಳೊಂದಿಗೆ 779 ರನ್, ರಣಜಿಯಲ್ಲಿ 863 ರನ್, ಫೈನಲ್‌ನಲ್ಲಿ ಕೇರಳದ ವಿರುದ್ಧ 86 ಮತ್ತು 135. ಎಂಟು ವರ್ಷದ ನಂತರ 2025ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಟೆಸ್ಟ್ ಆಡಿದರು. ಅಲ್ಲಿ 4 ಟೆಸ್ಟ್‌ಗಳಲ್ಲಿ 205 ರನ್. ರಣಜಿಯ ರನ್ನುಗಳು ಬಾಗಿಲನ್ನು ಎರಡನೇ ಸಲವೂ ತೆರೆದವು. ಒಳಗಿನದ್ದು ಬೇರೆಯೇ ಆಟ.

ದೇಶೀಯ ರನ್ನುಗಳು ಸರಿಯಾಗಿ ಸೂಚನೆ ಕೊಟ್ಟದ್ದೂ ಇದೆ, ಅದನ್ನು ಬಿಟ್ಟರೆ ನ್ಯಾಯವಲ್ಲ. ಮಯಾಂಕ್ ಅಗರ್ವಾಲ್ 2017-18ರ ಋತುವಿನಲ್ಲಿ ಎಲ್ಲ ಮಾದರಿಗಳಲ್ಲಿ ಸೇರಿ 2141 ರನ್ ಮಾಡಿದರು. ನವೆಂಬರ್ ಒಂದೇ ತಿಂಗಳಲ್ಲಿ ಸಾವಿರ ದಾಟಿದ್ದರು. 2018ರ ಡಿಸೆಂಬರ್ 26ರಂದು ಮೆಲ್ಬರ್ನ್‌ನಲ್ಲಿ ಮೊದಲ ಟೆಸ್ಟ್, ಮೊದಲ ಇನ್ನಿಂಗ್ಸ್‌ನಲ್ಲೇ 76. ಮುಂದೆ ಎರಡು ದ್ವಿಶತಕ. ದ್ರಾವಿಡ್ ಕಾಲೇಜು ವಿದ್ಯಾರ್ಥಿಯಾಗಿದ್ದಾಗಲೇ 1991ರಲ್ಲಿ ರಣಜಿ ಆಡಿದರು. ಲಾರ್ಡ್ಸ್‌ನಲ್ಲಿ 95 ಹೊಡೆದದ್ದು 1996ರ ಜೂನ್‌ನಲ್ಲಿ. ನಡುವೆ ಐದು ವರ್ಷ. ಆ ಐದು ವರ್ಷದ ರಾಶಿ ಇನ್ನಿಂಗ್ಸ್‌ಗಳು ಆಯ್ಕೆಗಾರರ ಮುಂದೆ ಇದ್ದವು. ನಮ್ಮ ಮನೆಯಲ್ಲಿ ಇದ್ದದ್ದು ಒಂದು ಇನ್ನಿಂಗ್ಸ್‌ನ ಜೆರಾಕ್ಸು. ನಮ್ಮ ಬೆಂಗಳೂರಿನ ಸೈಯದ್ ಕಿರ್ಮಾನಿ 1971ರಲ್ಲೂ 1974ರಲ್ಲೂ ಭಾರತ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿ, ಒಂದೂ ಟೆಸ್ಟ್ ಆಡದೆ ಬಂದರು. 1976ರ ಜನವರಿಯಲ್ಲಿ ಆಕ್ಲೆಂಡ್‌ನಲ್ಲಿ ಅವಕಾಶ ಸಿಕ್ಕಿತು. ಆಮೇಲೆ 88 ಟೆಸ್ಟ್, 198 ಬಲಿ, 1983ರ ವಿಶ್ವಕಪ್. ಫಾರೂಖ್ ಇಂಜಿನಿಯರ್ ಎಂಬ ಒಬ್ಬರು ಮುಂದೆ ನಿಂತಿದ್ದರು ಎಂಬುದು ಯಾವ ಸ್ಕೋರ್ ಶೀಟಿನಲ್ಲೂ ಕಾಣುವುದಿಲ್ಲ.

ಇನ್ನು ತಮ್ಮನ 171ಕ್ಕೆ ಬರೋಣ.

ಆ ಪಂದ್ಯದ ಸ್ಕೋರ್ ಪುಸ್ತಕವನ್ನು ಅವನ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಿಂದ ಒಂದು ದಿನಕ್ಕೆ ತರಿಸಿಕೊಂಡೆ. ಟೆರೇಸಿನ ಮೇಲೆ ನಿಂತು ಗಲ್ಲಿ ಪಂದ್ಯಗಳಿಗೆ ಸ್ಕೋರ್ ಬರೆದು ಬರೆದು ನನಗೆ ಆ ಚುಕ್ಕಿ, ಗೆರೆಗಳನ್ನು ಓದಲು ಬರುತ್ತದೆ. ತಂಡ 40 ಓವರ್‌ಗೆ 312. ಎದುರಾಳಿ ಕಾಲೇಜು 64ಕ್ಕೆ ಆಲೌಟ್. ಕಲ್ಯಾಣದ ವಾಸನೆ ಇಲ್ಲೂ ಬಂತು. ತಮ್ಮ ಆಡಿದ್ದು 124 ಎಸೆತ. ಎದುರಾಳಿಯಲ್ಲಿ ಒಬ್ಬನೇ ಒಬ್ಬ ಗಟ್ಟಿ ಬೌಲರ್ ಇದ್ದ. ಅವನು ರಾಜ್ಯ ಸಂಸ್ಥೆಯ ಲೀಗಿನಲ್ಲಿ ಮೇಲಿನ ಡಿವಿಷನ್ ಕ್ಲಬ್ಬಿಗೆ ಆಡುತ್ತಾನೆ ಎಂದು ತಮ್ಮನೇ ಹೇಳಿದ. ಅವನ ಎಸೆತಗಳನ್ನು ಬೇರೆ ಮಾಡಿ ಎಣಿಸಿದೆ. ಅವನಿಂದ 31 ಎಸೆತ, 19 ರನ್. ಮಿಕ್ಕವರಿಂದ 93 ಎಸೆತ, 152 ರನ್. ನೂರು ಎಸೆತಕ್ಕೆ ಲೆಕ್ಕ ಹಾಕಿದರೆ ಒಂದು ಕಡೆ 61, ಇನ್ನೊಂದು ಕಡೆ 163.

ನನಗೆ ಒಂದು ಕ್ಷಣ ಖುಷಿಯಾಯಿತು, ಅದನ್ನು ಒಪ್ಪಿಕೊಳ್ಳುತ್ತೇನೆ. ಫೀಸು ಉಳಿಯಿತು ಎಂಬ ಖುಷಿ. ಆಮೇಲೆ ಮತ್ತೆ ನೋಡಿದೆ. ಆ 31 ಎಸೆತಗಳಲ್ಲಿ ಅವನು ಔಟಾಗಿರಲಿಲ್ಲ. ಒಂದು ಕ್ಯಾಚೂ ಕೊಟ್ಟಿರಲಿಲ್ಲ, ಇದನ್ನು ಅಂಪೈರಿಂಗ್ ಮಾಡಿದ್ದ ಸರ್ ಹೇಳಿದರು. ಮ್ಯಾಟಿಂಗ್ ವಿಕೆಟ್ ಮೇಲೆ ಚೆಂಡು ಎದೆಯವರೆಗೆ ಏಳುತ್ತಿತ್ತಂತೆ. ಹದಿನೇಳು ವರ್ಷದ ಹುಡುಗ, ತನಗಿಂತ ನಾಲ್ಕು ವರ್ಷ ದೊಡ್ಡವನಾದ ಬೌಲರ್‌ನ 31 ಎಸೆತಗಳನ್ನು ಸಂಭಾಳಿಸಿದ್ದ. ಇದು ಕಡಿಮೆಯಲ್ಲ. ಹೆಚ್ಚೂ ಅಲ್ಲ, ಯಾಕೆಂದರೆ 31 ಎಸೆತದಿಂದ ಏನೂ ತೀರ್ಮಾನಿಸಲು ಆಗುವುದಿಲ್ಲ. ನಾಯರ್ ಅವರ ಏಳು ಇನ್ನಿಂಗ್ಸೇ ಸಾಲದು ಎಂದ ಮೇಲೆ ಇದು ಹೇಗೆ ಸಾಕಾಗುತ್ತದೆ?

ಅಬ್ಬಾಗೆ ಹೇಳಿದ್ದು ಇಷ್ಟು. "171ರಲ್ಲಿ 152 ರನ್ ಬಗ್ಗೆ ಮರೆತುಬಿಡಿ. ಅದು ಅವನು ಆ ಕಾಲೇಜಿನವರಿಗಿಂತ ಚೆನ್ನಾಗಿ ಆಡ್ತಾನೆ ಅಂತ ಮಾತ್ರ ಹೇಳುತ್ತೆ, ಅದು ನಮಗೆ ಮೊದಲೇ ಗೊತ್ತಿತ್ತು. ನೋಡಬೇಕಾದ್ದು 19. ಅಂಥ 19 ಎಷ್ಟು ಸಲ ಬರುತ್ತೆ, ಗಟ್ಟಿ ಬೌಲರ್‌ಗಳ ಮೇಲೆ ಎಷ್ಟು ಹೊತ್ತು ನಿಲ್ತಾನೆ ಅಂತ ಒಂದು ಋತು ಬರೆದಿಡೋಣ. ದೊಡ್ಡ ಹಣ ಆಮೇಲೆ."

ಮಾಮುಗೆ ಇದು ಹಿಡಿಸಲಿಲ್ಲ. "ಅವಳ ಫೀಸಿಗೋಸ್ಕರ ಲೆಕ್ಕ ತಿರುಗಿಸಿದ್ದಾಳೆ" ಎಂದರು. ನನಗೆ ಅಳು ಬಂದುಬಿಟ್ಟಿತು, ಯಾಕೆಂದರೆ ಅದು ಪೂರ್ತಿ ಸುಳ್ಳು ಎಂದು ನನಗೂ ಅನ್ನಿಸಲಿಲ್ಲ. ಆಗ ಮಾತಾಡಿದವನು ತಮ್ಮ. "ಇಲ್ಲ ಮಾಮು, ಆಪಾ ಸರಿ ಹೇಳ್ತಿದ್ದಾಳೆ. ಅವನ ಬೌಲಿಂಗು ನನಗೆ ಕಾಣ್ತಾನೇ ಇರಲಿಲ್ಲ" ಎಂದ. ಆ 31 ಎಸೆತದ ಬಗ್ಗೆ ಮನೆಯಲ್ಲಿ ಅವನು ಬಾಯಿಬಿಟ್ಟಿದ್ದು ಅದೇ ಮೊದಲು.

ಅಬ್ಬಾ ಚೀಟಿ ಹಣ ಮುಟ್ಟಲಿಲ್ಲ. ವಾರದಲ್ಲಿ ಎರಡು ದಿನ ಬೆಳಿಗ್ಗೆ ಟರ್ಫ್ ನೆಟ್ಸ್‌ಗೆ ಮಾತ್ರ ಮೂರು ತಿಂಗಳಿಗೆ ಕಟ್ಟಿದರು, ಅದು ಅಂಗಡಿಯ ದುಡ್ಡಲ್ಲಿ ಹೇಗೋ ಆಯಿತು. ನನಗೆ ಒಂದು ದಪ್ಪ ನೋಟ್‌ಬುಕ್ ತಂದುಕೊಟ್ಟರು.

ಹೋದ ಭಾನುವಾರ ತಮ್ಮನ ಕ್ಲಬ್ಬಿಗೆ ಮೇಲಿನ ಡಿವಿಷನ್ ತಂಡವೊಂದರ ಜೊತೆ ಅಭ್ಯಾಸ ಪಂದ್ಯವಿತ್ತು. ಅಬ್ಬಾ ಅಂಗಡಿ ಮುಚ್ಚಿ ಬಂದಿದ್ದರು. ನಾನು ನೋಟ್‌ಬುಕ್ ಹಿಡಿದು ಮರದ ಕೆಳಗೆ ಕೂತಿದ್ದೆ. ತಮ್ಮ 88 ಎಸೆತ ಆಡಿ 34 ಮಾಡಿ ಎಲ್.ಬಿ. ಆದ. ತಂಡ ಸೋತಿತು. ವಾಪಸ್ ಬರುವಾಗ ಮೆಟ್ರೋದಲ್ಲಿ ಅಬ್ಬಾ ನೋಟ್‌ಬುಕ್ ತೆಗೆದು ಬಹಳ ಹೊತ್ತು ನೋಡಿದರು. "ಇದು 171ಕ್ಕಿಂತ ಜಾಸ್ತಿನಾ?" ಎಂದು ಕೇಳಿದರು. ಹೌದು ಎಂದೆ. ತಮ್ಮ ಕಿಟ್ ಬ್ಯಾಗಿನ ಮೇಲೆ ಕೂತು ಮುಖ ಊದಿಸಿಕೊಂಡಿದ್ದ. ಅವನು ಒಪ್ಪಲಿಲ್ಲ. ಆ ಎಲ್.ಬಿ. ಔಟೇ ಅಲ್ಲವಂತೆ.